ತಿರುವಿನ ಪಾಲು

ಹುಣಸೆಹುಂಡಿಯ ಕರಿಬಸಮ್ಮ ಮೊರ ಎತ್ತಿದರೆ ಎಂಥ ಲಾರಿಯೂ ನಿಲ್ಲುತ್ತದೆ ಎಂದು ನಮ್ಮ ಕಡೆಯ ಜನ ಈಗಲೂ ಹೇಳುತ್ತಾರೆ. ಹೊಸಬರು ಕೇಳಿ ನಗುತ್ತಾರೆ. ನಾನು ನಗುವುದಿಲ್ಲ, ಏಕೆಂದರೆ ಅದನ್ನು ಕಣ್ಣಾರೆ ಕಂಡಿದ್ದೇನೆ. ಕಾಳು ಕೇರುವ ಬಿದಿರಿನ ಮೊರವನ್ನು ಎರಡು ಕೈಯಿಂದ ತಲೆಯ ಮೇಲೆತ್ತಿ ಹಿಡಿದು, ಸೆರಗನ್ನು ಸೊಂಟಕ್ಕೆ ಬಿಗಿದು ಆಕೆ ರಸ್ತೆಯ ಅಂಚಿನಲ್ಲಿ ನಿಂತಳೆಂದರೆ, ಬಂಡೀಪುರದ ಕಾಡು ದಾಟಿ ಬಂದ ಕೇರಳದ ಲಾರಿಗಳು ಒಂದರ ಹಿಂದೆ ಒಂದು ವೇಗ ಇಳಿಸಿ, ಆಕೆ ತೋರಿಸಿದ ಕಡೆಗೆ ತಿರುಗುತ್ತಿದ್ದವು. ಸಮವಸ್ತ್ರವಿಲ್ಲ, ಸೀಟಿಯಿಲ್ಲ. ಹರದನಹಳ್ಳಿಯಿಂದ ಸೊಸೆಯಾಗಿ ಬಂದ, ಏಳನೆಯ ತರಗತಿಯವರೆಗೆ ಓದಿದ, ಗಂಟಲು ಸ್ವಲ್ಪ ದೊಡ್ಡದಾಗಿದ್ದ ಒಬ್ಬ ಒಕ್ಕಲು ಹೆಂಗಸು. ಆಕೆಯ ಮಗಳು ಬಿಂದುಶ್ರೀ ನನ್ನ ವಿದ್ಯಾರ್ಥಿನಿ. ಆದ್ದರಿಂದಲೇ ಈ ಕತೆಯನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ದೊರೆಯಿತು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಹುಣಸೆಹುಂಡಿ ಒಂದು ಸಣ್ಣ ಊರು. ಊರು ಮುಗಿದ ಮೇಲೆ ರಸ್ತೆ ಒಂದು ಸಣ್ಣ ಏರು ಹತ್ತಿ, ಸೇತುವೆಯ ಬಳಿ ತಿರುಗಿ, ಹಳೆಯ ಹುಣಸೆಮರದ ಪಕ್ಕದಲ್ಲಿ ಹಾದು ಮುಂದಿನ ದೊಡ್ಡೂರನ್ನು ಸೇರುತ್ತದೆ. ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆ ಇದ್ದದ್ದು ಆ ದೊಡ್ಡೂರಿನಲ್ಲಿ. ಸುತ್ತಿನ ಹಳ್ಳಿಗಳ ಟೊಮೆಟೊ, ಕೋಸು, ಬೀಟ್‌ರೂಟು ಬಂದು ಬೀಳುವ ತರಕಾರಿ ಮಾರುಕಟ್ಟೆಯೂ ಅಲ್ಲಿಯೇ.

ಹುಣಸೆಹುಂಡಿಯ ರಸ್ತೆಗೆ ಒಂದು ವಿಶೇಷವಿತ್ತು. ಮಾರ್ಗಶಿರ ಮಾಸ ಬಂದಿತೆಂದರೆ ಅದು ರಸ್ತೆಯಾಗಿ ಉಳಿಯುತ್ತಿರಲಿಲ್ಲ, ಕಣವಾಗುತ್ತಿತ್ತು. ಹೊಲದಲ್ಲಿ ಕಿತ್ತ ಹುರುಳಿ ಗಿಡವನ್ನು, ನಮ್ಮ ಕಡೆಯ ಬಾಯಲ್ಲಿ ಹೇಳುವುದಾದರೆ ಹುಳ್ಳಿಯನ್ನು, ಡಾಂಬರಿನ ಮೇಲೆ ಉದ್ದಕ್ಕೆ ಹಾಸುವುದು. ಬಸ್ಸು, ಲಾರಿ, ವ್ಯಾನುಗಳು ಅದರ ಮೇಲೆ ಹಾದು ಕಾಯಿ ಒಡೆದು ಕಾಳು ಉದುರಿಸುವುದು. ಸಂಜೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಮಾಡಿ ಮನೆಗೆ ಹೊರುವುದು. ಎತ್ತು ಬೇಡ, ಆಳು ಬೇಡ. ಡಾಂಬರು ಬಂದ ಮೇಲೆ ಊರಿನ ಹಳೆಯ ಕಣಗಳು ತಿಪ್ಪೆಗಳಾದವು. ಒಕ್ಕಣೆಯ ಗುಂಡುಕಲ್ಲುಗಳು ಅರಳಿಕಟ್ಟೆಯ ಬಳಿ ಮುದುಕರು ಕೂರುವ ಪೀಠಗಳಾದವು.

ಹೊರಗಿನವರು ಇದನ್ನು ಅವ್ಯವಸ್ಥೆ ಎಂದುಕೊಳ್ಳುತ್ತಿದ್ದರು. ಹಾಗಿರಲಿಲ್ಲ. ಯಾರ ಹುರುಳಿ ಎಲ್ಲಿಂದ ಎಲ್ಲಿಗೆ ಎಂಬುದಕ್ಕೆ ಕಟ್ಟುನಿಟ್ಟಾದ ಪಾಲು ಇತ್ತು. ಅಣ್ಣತಮ್ಮಂದಿರು ಮನೆ, ಹೊಲ, ಪಾತ್ರೆಪಡಗ ಹಂಚಿಕೊಂಡಂತೆ ರಸ್ತೆಯನ್ನೂ ಹಂಚಿಕೊಂಡಿದ್ದರು. ಸರ್ಕಾರ ಹಾಕಿಸಿದ ಡಾಂಬರಿಗೆ ತಾವು ಪಾಲುದಾರರೇ ಎಂದು ಯಾರೂ ಯೋಚಿಸಿದವರಲ್ಲ. ಈ ಪಾಲುಗಳಲ್ಲೆಲ್ಲ ಉತ್ತಮವಾದುದು ಸೇತುವೆಯಿಂದ ಹುಣಸೆಮರದವರೆಗಿನ ತಿರುವು. ಏರಿನಲ್ಲಿ ಬಂದ ಗಾಡಿ ಅಲ್ಲಿ ನಿಧಾನವಾಗುತ್ತದೆ, ಚಕ್ರದ ಭಾರ ಚೆನ್ನಾಗಿ ಬೀಳುತ್ತದೆ, ಕಾಳು ಸಿಡಿದು ಹಳ್ಳಕ್ಕೆ ಹಾರುವುದಿಲ್ಲ. ಆ ತಿರುವು ಭಾಗವಾಗುವಾಗ ಕರಿಬಸಮ್ಮನ ಗಂಡ ಶಿವಮೂರ್ತಿಯ ಪಾಲಿಗೆ ಬಂದಿತ್ತು. ಶಿವಮೂರ್ತಿಯ ಅಣ್ಣ ಚಿಕ್ಕಮಲ್ಲಪ್ಪನಿಗೆ ಸಿಕ್ಕಿದ್ದು ಇಳಿಜಾರು. ಅಲ್ಲಿ ಗಾಡಿಗಳು ಹಾರಿ ಹೋಗುತ್ತಿದ್ದವೇ ಹೊರತು ಒಕ್ಕುತ್ತಿರಲಿಲ್ಲ. ಆ ಒಂದು ಸಂಗತಿಗಾಗಿ ಆತ ತಮ್ಮನ ಮನೆಯ ಹಬ್ಬದೂಟವನ್ನೇ ಬಿಟ್ಟಿದ್ದ. ಊರಿನಲ್ಲಿ ಜಗಳಕ್ಕೆ ಹೆಸರಾದ ಮನುಷ್ಯ ಚಿಕ್ಕಮಲ್ಲಪ್ಪ. ತನ್ನ ಬೇಲಿಯ ಮೇಲೆ ಕುಳಿತ ಕಾಗೆಯನ್ನೂ ಯಾರ ಮನೆಯದೆಂದು ವಿಚಾರಿಸುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಎರಡು ಸಾವಿರದ ಐದನೆಯ ಇಸವಿಯ ಕೊನೆಯಲ್ಲಿ ಆ ರಸ್ತೆಯ ಮೇಲೆ ಹಿಂದೆಂದೂ ಇಲ್ಲದ ದಟ್ಟಣೆಯಾಯಿತು. ತರಕಾರಿಗೆ ಕೇರಳದಲ್ಲಿ ಒಳ್ಳೆಯ ಬೆಲೆ ಇದ್ದುದರಿಂದ ಮುಂಜಾನೆಯೇ ಖಾಲಿ ಲಾರಿಗಳು ಬಂದು ಸೇರುತ್ತಿದ್ದವು. ಮಾರುಕಟ್ಟೆಯ ಒಳಗೆ ಜಾಗವಿಲ್ಲ. ಹರಾಜು ಮುಗಿಯುವವರೆಗೆ ಅವು ರಸ್ತೆಯ ಒಂದು ಮಗ್ಗುಲನ್ನು ಹಿಡಿದು ಸಾಲಾಗಿ ನಿಲ್ಲುತ್ತಿದ್ದವು. ಸಾಲಿನ ಬಾಲ ಬೆಳೆಯುತ್ತ ಬೆಳೆಯುತ್ತ ಹುಣಸೆಮರದ ತನಕ ಬಂದಿತು. ಅದರ ಜೊತೆಗೆ ಶಬರಿಮಲೆಗೆ ಹೋಗುವ ವ್ಯಾನುಗಳು, ಕಬ್ಬಿನ ಟ್ರ್ಯಾಕ್ಟರುಗಳು. ಉಳಿದ ಮಗ್ಗುಲಿನಲ್ಲಿ ಹುರುಳಿ. ಗುಂಡ್ಲುಪೇಟೆಯಿಂದ ಬರುವ ಬೆಳಗಿನ ಬಸ್ಸು ಈ ಎರಡರ ನಡುವೆ ನುಸುಳಿಕೊಂಡು ಬಂದು, ನಮ್ಮ ಶಾಲೆಯ ಮಕ್ಕಳನ್ನು ಪ್ರಾರ್ಥನೆಯ ಹೊತ್ತಿಗೆ ಇಳಿಸಿ ಚಾಮರಾಜನಗರಕ್ಕೆ ಹೋಗುತ್ತಿತ್ತು.

ಒಂದು ಸೋಮವಾರ ಆ ಬಸ್ಸು ತಿರುವಿನಲ್ಲಿ ಹೊಗೆಯುಗುಳುತ್ತ ನಿಂತಿತು. ಕರಿಬಸಮ್ಮ ಆ ದಿನ ಹುರುಳಿಯನ್ನು ಸ್ವಲ್ಪ ದಪ್ಪವಾಗಿಯೇ ಹಾಸಿದ್ದಳು. ಒಣಗಿದ ಬಳ್ಳಿ ಬಸ್ಸಿನ ಕೆಳಗೆ ತಿರುಗುವ ದಂಡಕ್ಕೆ ಸುತ್ತಿಕೊಂಡು, ಉಜ್ಜಿ ಉಜ್ಜಿ ಬೆಂಕಿ ಹತ್ತಿಕೊಂಡಿತ್ತು. ಚಾಲಕ ಪುಟ್ಟಮಾದಯ್ಯ ಹಂಗಳದವನು, ಅನುಭವಸ್ಥ. ಮೊದಲು ಎಲ್ಲರನ್ನೂ ಇಳಿಸಿ, ಅನಂತರ ತಾನೇ ಬಸ್ಸಿನ ಕೆಳಗೆ ತೂರಿ ಉರಿಯುತ್ತಿದ್ದ ಬಳ್ಳಿಯನ್ನು ಕೈಯಿಂದಲೇ ಕಿತ್ತು ಎಸೆದ. ಊರಿನವರು ಮಣ್ಣು ಎರಚಿದರು. ಜನಕ್ಕೆ ಏನೂ ಆಗಲಿಲ್ಲ. ಪುಟ್ಟಮಾದಯ್ಯನ ಎರಡು ಕೈ ಸುಟ್ಟವು.

ಮರುದಿನದಿಂದ ಬಸ್ಸು ಬರಲಿಲ್ಲ. ಹಳ್ಳದಾಚೆಯ ಸುತ್ತುದಾರಿಯಲ್ಲಿ ಹೋಗುವಂತೆ ಡಿಪೋದಲ್ಲಿ ಆದೇಶವಾಯಿತು. ಹುಣಸೆಹುಂಡಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯರು ನಡೆದು ಬರತೊಡಗಿದರು. ದೂರ ಅಷ್ಟೇನೂ ಇರಲಿಲ್ಲ. ಕಷ್ಟ ಇದ್ದದ್ದು ದಾರಿಯಲ್ಲಿ. ಒಂದು ಕಡೆ ನಿಂತ ಲಾರಿಗಳು, ಇನ್ನೊಂದು ಕಡೆ ಅವುಗಳನ್ನು ದಾಟಿ ನುಗ್ಗುವ ಗಾಡಿಗಳು, ನಡುವೆ ನಡೆಯಲು ಒಂದು ಮೊಳ ಜಾಗ. ಒಂದು ಬೆಳಗ್ಗೆ ಲಾರಿಯೊಂದರ ಕನ್ನಡಿ ಬಿಂದುಶ್ರೀಯ ಭುಜಕ್ಕೆ ಬಡಿದು ಆಕೆ ಚರಂಡಿಗೆ ಬಿದ್ದಳು. ಗಾಯ ಸಣ್ಣದು. ಆದರೆ ಅದರ ಮರುದಿನ ಹುಣಸೆಹುಂಡಿಯ ಒಬ್ಬ ಹುಡುಗಿಯೂ ಶಾಲೆಗೆ ಬರಲಿಲ್ಲ.

ಆ ಭಾನುವಾರ ನಾನು ಊರಿಗೆ ಹೋದೆ. ಹತ್ತನೆಯ ತರಗತಿಯ ಮಕ್ಕಳಿಗೆ ಬೇಸಿಗೆಯ ಮೊದಲಲ್ಲೇ ಪರೀಕ್ಷೆ. ಈಗ ಬಿಟ್ಟ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂಬುದು ನಮ್ಮ ಕಡೆಯ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಶಿವಮೂರ್ತಿ ಮೃದು ಸ್ವಭಾವದವನು. ಜೀವ ದೊಡ್ಡದೋ ಪರೀಕ್ಷೆ ದೊಡ್ಡದೋ ಎಂದು ನನ್ನನ್ನೇ ಕೇಳಿದ. ಬಸ್ಸು ಬಂದರೆ ಮಗಳನ್ನು ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂಬುದು ಅವನ ಕೊನೆಯ ಮಾತು. ಬಿಂದುಶ್ರೀ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕರಿಬಸಮ್ಮ ಅಂಗಳದಲ್ಲಿ ಕುಳಿತು ಹುರುಳಿಯಲ್ಲಿನ ಡಾಂಬರು ಚೂರು ಆರಿಸುತ್ತಿದ್ದಳು. ಕೊನೆಗೆ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಬಸ್ಸು ಓಡ್ಸಿದ್ದು ನನ್ನ ಉಳ್ಳಿ ಮೇಷ್ಟ್ರೇ. ಕರ್ಕೊಂಡ್ ಬರೋದೂ ನಾನೇ," ಎಂದಳು.

ಮೊದಲು ಆಕೆ ಡಿಪೋಗೆ ಹೋದಳು. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ. ಆದೇಶ ಬದಲಿಸಲು ತನಗೆ ಅಭ್ಯಂತರವಿಲ್ಲ, ಆದರೆ ಆ ದಾರಿ ಸುರಕ್ಷಿತ ಎಂದು ಚಾಲಕನೇ ಹೇಳಬೇಕು ಎಂದನಂತೆ. ಅಲ್ಲಿಂದಲೇ ಆಕೆ ಹಂಗಳದ ಬಸ್ಸು ಹತ್ತಿದಳು. ಪುಟ್ಟಮಾದಯ್ಯ ಕೈಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕುಳಿತಿದ್ದ. ಆಕೆಯನ್ನು ಕಂಡು ಒಳಗಿದ್ದ ಹೆಂಡತಿಯನ್ನು ಕೂಗಿದ.

"ಮಣೆ ಆಕಮ್ಮಿ. ನನ್ನ ಬಸ್ಸಿಗೆ ಬೆಂಕಿ ಇಕ್ಕಿದ ತಾಯಿ ಬಂದವ್ರೆ."

ಕರಿಬಸಮ್ಮ ಮಣೆಯ ಮೇಲೆ ಕುಳಿತು, ತಂದಿದ್ದ ಬೆಣ್ಣೆಯ ಕುಡಿಕೆಯನ್ನು ಮುಂದಿಟ್ಟು, ಸುಟ್ಟ ಕೈಗೆ ಹಚ್ಚಿಕೊಳ್ಳಲೆಂದು ತಂದದ್ದು ಎಂದಳು. ತಪ್ಪು ತನ್ನದೇ ಎಂದೂ ಹೇಳಿದಳು. ಆತ ಬೆಣ್ಣೆಯನ್ನು ಮೂಸಿ ನೋಡಿದ.

"ಅಲ್ಲ ಕಣವ್ವಾ, ನಿಮ್ಮೂರ ಉಳ್ಳಿ ಒಕ್ಕಾಕೆ ನಂಗೆ ಸಂಬ್ಳ ಕೊಡ್ತಾರಾ?"

"ತೆಗಿಸ್ತೀನಿ ಕಣಪ್ಪ. ಒಂದ್ ಕಡ್ಡಿ ಇರಾಕಿಲ್ಲ."

"ಉಳ್ಳಿ ತೆಗುದ್ರೆ ಆಯ್ತಾ? ಆ ಲಾರಿ ಸಾಲು? ಎದುರಿಗೆ ಇನ್ನೊಂದ್ ಗಾಡಿ ಬಂದ್ರೆ ನಾನೇನ್ ಆಕಾಸುಕ್ ಆರ್ಲಾ? ಎರಡೂ ತೆಗೀರಿ. ನಾನೇ ಬಂದು ನೋಡ್ತೀನಿ. ರಸ್ತೆ ರಸ್ತೆ ಆಗಿದ್ರೆ ಬತ್ತೀನಿ."

ಹುರುಳಿಯಾದರೂ ಊರಿನವರದು, ಲಾರಿಗಳು ಯಾರ ಮಾತು ಕೇಳುತ್ತವೆ? ಆಕೆ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಳು.

ಊರಿನಲ್ಲಿ ಆಕೆಯ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಬಸ್ಸು ಬೇಕು ಎಂದು ಎಲ್ಲರೂ ಒಪ್ಪಿದರು. ತನ್ನ ಪಾಲಿನ ರಸ್ತೆಯನ್ನು ಬಿಡಲು ಮಾತ್ರ ಯಾರೂ ಒಪ್ಪಲಿಲ್ಲ. ನೀನು ಬಿಡು, ಆಮೇಲೆ ನೋಡೋಣ ಎಂದರು. ಆಕೆ ತನ್ನ ತಿರುವನ್ನು ಖಾಲಿ ಬಿಟ್ಟಳು. ಮಧ್ಯಾಹ್ನದೊಳಗೆ ಪಕ್ಕದ ಪಾಲಿನವರು ಅದರ ಮೇಲೆ ತಮ್ಮ ಹುರುಳಿಯನ್ನು ಹಾಸಿದ್ದರು. ಖಾಲಿ ಬಿದ್ದ ಜಾಗ ಎಲ್ಲರದೂ ಎಂಬುದು ಅವರ ನ್ಯಾಯ.

ಆದರೆ ಆ ವರ್ಷ ಒಂದು ವಿಚಿತ್ರ ನಡೆಯಿತು. ಬಸ್ಸಿಗೆ ಬೆಂಕಿ ಹತ್ತಿದ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ವ್ಯಾನಿನವರು, ಟೆಂಪೋದವರು ಒಬ್ಬೊಬ್ಬರಾಗಿ ಸುತ್ತುದಾರಿಗೆ ಹೊರಳಿದರು. ರಸ್ತೆಯ ಮೇಲೆ ಹುರುಳಿ ಬಿಸಿಲಿಗೆ ಕಾಯುತ್ತ ಬಿದ್ದಿತ್ತು, ತುಳಿಯುವ ಚಕ್ರವಿಲ್ಲ. ಚಕ್ರಗಳಿದ್ದದ್ದು ಲಾರಿಗಳಿಗೆ ಮಾತ್ರ, ಅವು ಸಾಲಿನಲ್ಲಿ ಅಲ್ಲಾಡದೆ ನಿಂತಿದ್ದವು, ಸರಕು ತುಂಬಿದ ಮೇಲೆ ಸುತ್ತುದಾರಿಯಲ್ಲೇ ಮರಳುತ್ತಿದ್ದವು. ಜನ ಹುರುಳಿಯ ಪಕ್ಕದಲ್ಲಿ ಕುಳಿತು ಗಾಡಿಗಾಗಿ ದಾರಿ ಕಾಯುವ ಪರಿಸ್ಥಿತಿ ಬಂದಿತು. ಹೆಚ್ಚು ಹಾಸಿದಷ್ಟೂ ಗಾಡಿ ಕಡಿಮೆ, ಗಾಡಿ ಕಡಿಮೆಯಾದಷ್ಟೂ ಒಕ್ಕಣೆ ಇಲ್ಲ. ಇದು ಯಾರ ತಲೆಗೂ ಮೊದಲು ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಕೇರಳದ ಲಾರಿಯೊಂದು ಸಾಲಿನಿಂದ ಹೊರಬಂದು ತಿರುಗಿಸಿಕೊಳ್ಳಲು ಚಿಕ್ಕಮಲ್ಲಪ್ಪನ ಹೊಲಕ್ಕೆ ಇಳಿಯಿತು. ತಿರುವಿನ ಪಕ್ಕದಲ್ಲೇ ಇದ್ದ, ಕೊಯ್ಲಾಗಿ ಬಯಲಾಗಿದ್ದ ಹೊಲ ಅದು. ಅಲ್ಲಿ ಕರಿಬಸಮ್ಮ ರಸ್ತೆಯಿಂದ ತೆಗೆದ ಹುರುಳಿಯನ್ನು, ಭಾವನ ಕಣ್ಣು ತಪ್ಪಿಸಿ, ಒಂದು ಮೂಲೆಗೆ ಹರಡಿದ್ದಳು. ಲಾರಿ ಅದರ ಮೇಲೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂದಿತು, ಮತ್ತೆ ಹಿಂದಕ್ಕೆ ಹೋಯಿತು. ಆಕೆ ಬೈಯಲೆಂದು ಓಡಿ ಹೋದವಳು ಬಗ್ಗಿ ಒಂದು ಹಿಡಿ ಬಾಚಿ ನೋಡಿದಳು. ಕಾಯಿಗಳೆಲ್ಲ ಒಡೆದು ಕಾಳು ಕೆಳಗೆ ಇಳಿದಿತ್ತು. ಡಾಂಬರಿನ ಚೂರಿಲ್ಲ. ಮೆಲ್ಲಗೆ ಹೋದ ಲಾರಿಗೆ ಬಳ್ಳಿಯೂ ಸುತ್ತಿಕೊಂಡಿರಲಿಲ್ಲ. ಲುಂಗಿಯುಟ್ಟ ಚಾಲಕ ಕೆಳಗಿಳಿದು, ಗದರಿಕೆಗೆ ಸಿದ್ಧನಾಗಿ ಕೈಕಟ್ಟಿ ನಿಂತಿದ್ದ. ಆಕೆ ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಅವನಿಗೆ ಅದರ ಅರ್ಥವೇ ಆಗಲಿಲ್ಲ.

ಅಂದು ಆಕೆಗೆ ಹೊಳೆದದ್ದು ಇಷ್ಟು: ರಸ್ತೆಗೆ ಭಾರವಾಗಿರುವುದು ಎರಡು, ಹುರುಳಿ ಮತ್ತು ಲಾರಿ. ಎರಡನ್ನೂ ಒಂದೇ ಹೊಲಕ್ಕೆ ಇಳಿಸಿದರೆ ಲಾರಿಗೆ ನಿಲ್ಲಲು ಜಾಗವಾಯಿತು, ಹುರುಳಿಗೆ ಚಕ್ರವಾಯಿತು, ರಸ್ತೆ ಬಸ್ಸಿಗೆ ಉಳಿಯಿತು. ಹೊಲದ ಅಂಚಿನಲ್ಲಿ ಸುತ್ತಲೂ ಬಳೆಯ ಹಾಗೆ ಒಂದು ಕಣ ಮಾಡಿ, ಲಾರಿಗಳು ಅದರ ಮೇಲೆಯೇ ನಿಧಾನವಾಗಿ ಒಳಗೆ ಬಂದು, ಅದರ ಮೇಲೆಯೇ ಹೊರಗೆ ಹೋಗಬೇಕು. ನಡುವಿನ ಬಯಲಿನಲ್ಲಿ ಅವು ನಿಲ್ಲಬೇಕು.

ಹೊಲ ಮಾತ್ರ ಚಿಕ್ಕಮಲ್ಲಪ್ಪನದು.

ಆ ಸಂಜೆ ನಡೆದ ಮಾತನ್ನು ಶಿವಮೂರ್ತಿಯೇ ನನಗೆ ಹಲವು ಸಲ ಹೇಳಿ ನಕ್ಕಿದ್ದಾನೆ. ಭಾವನ ಜಗಲಿಯ ಮುಂದೆ ಕರಿಬಸಮ್ಮ ನಿಂತಳು. ಆಕೆಯ ಹಿಂದೆ, ಸ್ವಲ್ಪ ದೂರದಲ್ಲಿ, ಅವನು. ಚಿಕ್ಕಮಲ್ಲಪ್ಪ ಎಲೆಅಡಿಕೆ ಅಗಿಯುತ್ತ, ತಮ್ಮನ ಮನೆಯವರು ಇಷ್ಟು ವರ್ಷಗಳ ಮೇಲೆ ಯಾಕೆ ಬಂದರು ಎಂಬುದನ್ನು ಊಹಿಸುತ್ತಿದ್ದ.

"ಭಾವ, ಶಿವರಾತ್ರಿಗಂಟ ನಿಮ್ ತಿರುವಿನ ಒಲ ಊರಿಗೆ ಬುಡಿ."

"ಬುಟ್ರೆ?"

"ತಿರುವಿನ ಪಾಲು ನಿಮ್ದು."

ಅಗಿಯುತ್ತಿದ್ದ ಬಾಯಿ ನಿಂತಿತು. "ಪೂರ್ತಿನಾ?"

"ಸೇತುವೆಯಿಂದ ಉಣಸೆಮರದಗಂಟ. ಆದ್ರೆ ಒಂದು ಮಾತು. ಅಲ್ಲಿ ಯಾರೂ ಒಂದ್ ಕಡ್ಡಿ ಆಕಂಗಿಲ್ಲ. ನೀವೂ ಆಕಂಗಿಲ್ಲ."

"ಆಕಂಗಿಲ್ದೆ ಇರೋ ಪಾಲು ಮಡಿಕಂಡು ನಾನೇನ್ ಪೂಜೆ ಮಾಡನಾ?"

"ಕಾಯಿರಿ. ನಿಮ್ ಜಾಗ ಖಾಲಿ ಐತೆ ಅಂತ ಇನ್ನೊಬ್ಬ ಬಂದು ಆಸ್ಕಂಡ್ರೆ ನೀವು ಸುಮ್ಕಿರ್ತೀರಾ?"

"ಸುಮ್ಕಿರಾಕೆ ನಾನೇನ್ ನಿನ್ನ ಗಂಡ್ನಾ?"

ಚಿಕ್ಕಮಲ್ಲಪ್ಪ ಎದ್ದು ಬೀದಿಗೆ ಬಂದು ತಿರುವಿನ ಕಡೆ ನೋಡಿ ನಿಂತ. ತಂದೆ ಭಾಗ ಮಾಡಿದ ದಿನದಿಂದ ಆ ಜಾಗವನ್ನು ಆತ ಬಯಸಿದ್ದ. ಒಂದು ಕರಾರು ಹಾಕಿದ: ಹೊಲದ ಕಣದಲ್ಲಿ ಪ್ರತಿವರ್ಷವೂ ಮೊದಲನೆಯ ಹಾಸು ತನ್ನದೇ ಆಗಬೇಕು. ಆಕೆ ಒಪ್ಪಿದಳು. ಆತ ಒಳಗೆ ಹೋಗಿ ಹೆಂಡತಿಗೆ, ತಮ್ಮನ ಮನೆಯವರಿಗೆ ಕಾಫಿ ಕೊಡು ಎಂದು ಹೇಳಿದ. ಆ ಮನೆಯ ಕಾಫಿಯ ರುಚಿಯೇ ಶಿವಮೂರ್ತಿಗೆ ಮರೆತು ಹೋಗಿತ್ತು.

ಮರುದಿನ, ಲಾರಿಯ ಚಕ್ರವಾದರೂ ಸಿಗುತ್ತದೆಂಬ ಆಸೆಗೆ, ಊರಿನ ಹೆಂಗಸರು ಸೇರಿ ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿದರು. ಅರಳಿಕಟ್ಟೆಯ ಗುಂಡುಕಲ್ಲುಗಳಲ್ಲಿ ಒಂದನ್ನು ಮುದುಕರನ್ನು ಎಬ್ಬಿಸಿ ಉರುಳಿಸಿಕೊಂಡು ಬಂದರು. ಬಿಂದುಶ್ರೀಯೂ ಅವಳ ಗೆಳತಿಯರೂ ಸಗಣಿ ಹೊತ್ತರು. ಕಣ ಒಣಗಿದ ಮೇಲೆ ಚಿಕ್ಕಮಲ್ಲಪ್ಪನ ಹುರುಳಿಯನ್ನು ತೆಳ್ಳಗೆ ಹಾಸಿದರು. ದಪ್ಪ ಹಾಸಬಾರದೆಂದು ಕರಿಬಸಮ್ಮ ಕಡ್ಡಾಯವಾಗಿ ಹೇಳಿದ್ದಳು. ಅದರ ಫಲ ಆಕೆಗಿಂತ ಚೆನ್ನಾಗಿ ಕಂಡವರು ಯಾರು?

ಇನ್ನು ಲಾರಿಗಳು. ಮೊದಲ ದಿನ ಒಂದೂ ಇಳಿಯಲಿಲ್ಲ. ಚಾಲಕರ ಹೆದರಿಕೆ ಬಳ್ಳಿಯದಲ್ಲ, ಸರದಿಯದು. ಸಾಲು ಬಿಟ್ಟು ಹೊಲಕ್ಕೆ ಹೋದರೆ ಹಿಂದೆ ಬಂದವನು ಮುಂದಾಗುತ್ತಾನೆ, ಸರಕು ತುಂಬುವುದು ಮಧ್ಯಾಹ್ನ ಮೀರುತ್ತದೆ. ಕರಿಬಸಮ್ಮ ಮೊರ ಎತ್ತಿಕೊಂಡು ನಿಂತಳು. ಅವರು ಕೈ ಆಡಿಸಿ ಮುಂದೆ ಹೋದರು. ಎರಡನೆಯ ದಿನ ಮಜ್ಜಿಗೆ ಕುಡಿದಿದ್ದ ಆ ಮಲಯಾಳಿ ಚಾಲಕ ಮಾತ್ರ ನಿಲ್ಲಿಸಿದ.

"ಚೇಚಿ, ನಮ್ಮ ಸಾಲು ಹೋದ್ರೆ ಯಾರು ಕೊಡ್ತಾರೆ?" ಎಂದು, ತನ್ನ ಭಾಷೆಯಲ್ಲಿ ಅಕ್ಕ ಎಂದು ಕರೆದು, ಅರೆ ಕನ್ನಡದಲ್ಲಿ ಕೇಳಿದ.

ಆಕೆ ಅವನನ್ನು ಇಳಿಸಿ ಕರೆದುಕೊಂಡು ಹೋಗಿ ಕಣವನ್ನು ಸುತ್ತು ಹಾಕಿಸಿದಳು. ಒಳಗೆ ಬರಲು ಒಂದೇ ಬಾಯಿ, ಹೊರಗೆ ಹೋಗಲು ಒಂದೇ ಬಾಯಿ. ಕೆರೆಗೆ ನೀರು ಕುಡಿಯಲು ಇಳಿದ ದನದ ಸಾಲಿನ ಹಾಗೆ, ಮುಂದೆ ಇಳಿದದ್ದೇ ಮುಂದೆ ಹತ್ತಬೇಕು. ಹೊರಬಾಯಿಯಲ್ಲಿ ಶಿವಮೂರ್ತಿ ನಿಂತಿರುತ್ತಾನೆ, ನಡುವೆ ನುಗ್ಗಲು ಯಾರನ್ನೂ ಬಿಡುವುದಿಲ್ಲ ಎಂದಳು. ಚಾಲಕ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಹೊಲದ ಬೇವಿನ ನೆರಳನ್ನೂ ಪಂಪುಸೆಟ್ಟಿನ ನೀರನ್ನೂ ನೋಡಿ, ಲಾರಿಯನ್ನು ಒಳಗೆ ತಂದ. ಅವನು ಅಲ್ಲಿ ಸ್ನಾನ ಮಾಡಿ, ಒಲೆ ಹೂಡಿ ಗಂಜಿ ಬೇಯಿಸಿ, ಬೇವಿನ ಕೆಳಗೆ ಒಂದು ನಿದ್ದೆ ತೆಗೆದದ್ದನ್ನು ರಸ್ತೆಯ ಬಿಸಿಲಿನಲ್ಲಿ ಕುಳಿತಿದ್ದ ಉಳಿದವರು ನೋಡಿದರು. ಸರಕು ತುಂಬಲು ಹೋಗುವಾಗ ಅವನ ಸರದಿ ತಪ್ಪಿರಲಿಲ್ಲ. ಶಿವಮೂರ್ತಿ ಲಾರಿಯ ಮುಂದೆ ನಡೆದುಕೊಂಡೇ ಹೋಗಿ ಮಾರುಕಟ್ಟೆಯ ಬಾಗಿಲಿಗೆ ಮುಟ್ಟಿಸಿ ಬಂದಿದ್ದ. ಆ ಮೆದು ಮನುಷ್ಯ ಅಷ್ಟು ಜನ ಚಾಲಕರ ಬೈಗುಳವನ್ನು ಕೇಳಿಯೂ ಹಿಂದೆ ಸರಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಮರುದಿನ ನಾಲ್ಕಾರು ಲಾರಿಗಳು ಇಳಿದವು. ವಾರ ಕಳೆಯುವುದರೊಳಗೆ ಸಾಲಿಗೆ ಸಾಲೇ ತಿರುವಿನಲ್ಲಿ ಹೊರಳಿ ಹೊಲ ಸೇರತೊಡಗಿತು. ಕಣದ ಮೇಲೆ ಚಕ್ರಗಳು ಮೆಲ್ಲಗೆ ಉರುಳುತ್ತಿದ್ದರೆ, ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ಹೆಂಗಸರು ಕವೆಗೋಲಿನಿಂದ ಹುರುಳಿಯನ್ನು ತಿರುವಿ ಹಾಕುತ್ತಿದ್ದರು. ಹೊರಬಾಯಿಯಲ್ಲಿ ಪ್ರತಿ ಲಾರಿಯ ಕೆಳಗೂ ಒಬ್ಬರು ಬಗ್ಗಿ ನೋಡಿ, ಬಳ್ಳಿ ಇಲ್ಲವೆಂದ ಮೇಲೆಯೇ ಬಿಡುತ್ತಿದ್ದರು. ಚಿಕ್ಕಮಲ್ಲಪ್ಪನ ಹುರುಳಿ ಒಂದೇ ಬೆಳಗಿನಲ್ಲಿ ಒಕ್ಕಿ ಮುಗಿಯಿತು. ಕಲ್ಲಿಲ್ಲದ, ಡಾಂಬರಿಲ್ಲದ ಕಾಳು. ಆತ ಅದನ್ನು ಬೊಗಸೆಯಲ್ಲಿ ತುಂಬಿಕೊಂಡು ಬೀದಿಯುದ್ದಕ್ಕೂ ತೋರಿಸುತ್ತ ಹೋದ. ಅದಾದ ಮೇಲೆ ಉಳಿದವರನ್ನು ಕರೆಯುವ ಕೆಲಸವೇ ಬೀಳಲಿಲ್ಲ. ರಸ್ತೆಯ ಮೇಲೆ ಒಣಗುತ್ತ ಬಿದ್ದಿದ್ದ ಹುರುಳಿಯನ್ನೆಲ್ಲ ಅವರೇ ಬಾಚಿಕೊಂಡು ಕಣದ ಬಾಯಲ್ಲಿ ತಮ್ಮ ಸರದಿಗೆ ಕಾದರು.

ಒಬ್ಬನು ಮಾತ್ರ ಸರದಿ ಕಾಯಲಾರದೆ ಖಾಲಿ ತಿರುವಿನಲ್ಲಿ ಒಂದು ಹೊರೆ ಬಿಚ್ಚಿದ. ಅವನು ಬಿಚ್ಚಿ ಮುಗಿಸುವುದರೊಳಗೆ ಚಿಕ್ಕಮಲ್ಲಪ್ಪ ಅಲ್ಲಿದ್ದ. ರಸ್ತೆ ನಿಮ್ಮಪ್ಪನದೇ ಎಂದು ಅವನು ಕೇಳಿದ್ದಕ್ಕೆ, ಹೌದು, ಸೇತುವೆಯಿಂದ ಹುಣಸೆಮರದವರೆಗೆ ನಮ್ಮಪ್ಪನದೇ ಎಂದು ಆತ ಗಂಭೀರವಾಗಿ ಉತ್ತರಿಸಿದನಂತೆ. ಅವನು ಹೊರೆಯನ್ನು ಮತ್ತೆ ಕಟ್ಟಿದ. ಆ ಋತುವಿನಲ್ಲಿ ಚಿಕ್ಕಮಲ್ಲಪ್ಪ ಪ್ರತಿದಿನ ಬೆಳಗ್ಗೆ ಪೊರಕೆ ಹಿಡಿದು ತನ್ನ ಪಾಲಿನ ಡಾಂಬರನ್ನು ಗುಡಿಸುತ್ತಿದ್ದ. ಜಿಲ್ಲೆಯಲ್ಲಿ ಅಷ್ಟು ಚೊಕ್ಕಟವಾದ ರಸ್ತೆ ಬೇರೆ ಎಲ್ಲಿಯೂ ಇರಲಿಕ್ಕಿಲ್ಲ.

ಕೊನೆಗೆ ಪುಟ್ಟಮಾದಯ್ಯ ಬಂದ. ಕೈ ವಾಸಿಯಾಗಿ ಕೆಲಸಕ್ಕೆ ಮರಳುವ ಮುನ್ನ, ಒಂದು ಭಾನುವಾರ, ತನ್ನ ಬೈಕಿನಲ್ಲಿ. ನಾನೂ ಆಗ ಕರಿಬಸಮ್ಮನ ಜೊತೆ ಕಣದ ಬಳಿ ಇದ್ದೆ. ಊರಿನ ಈ ತುದಿಯಿಂದ ಆ ತುದಿಗೆ ಹೋದ, ಹಿಂತಿರುಗಿ ಬಂದ, ತಿರುವಿನಲ್ಲಿ ಬೈಕು ನಿಲ್ಲಿಸಿ ಇಳಿದು ಡಾಂಬರಿನ ಮೇಲೆ ಕಾಲು ಉಜ್ಜಿ ನೋಡಿದ. ಹೊಲದಲ್ಲಿ ಲಾರಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ನಾವೆಲ್ಲರೂ ಅವನ ಮುಖವನ್ನೇ ನೋಡುತ್ತಿದ್ದೆವು. ಅವನು ಬಾಯಿ ತೆರೆಯುವುದರೊಳಗೆ ಚಿಕ್ಕಮಲ್ಲಪ್ಪ ಪೊರಕೆ ಹಿಡಿದು ಬಂದು ನಿಂತ.

"ಯಾರ್ಲಾ ನೀನು? ತೆಗಿ ಗಾಡಿಯ. ಇದು ನನ್ನ ಪಾಲು. ಇಲ್ಲಿ ಬಸ್ಸು ಬತ್ತದೆ."

ಪುಟ್ಟಮಾದಯ್ಯ ಒಂದು ಕ್ಷಣ ಅವನನ್ನೂ ಪೊರಕೆಯನ್ನೂ ನೋಡಿದ. ಆಮೇಲೆ ಬೈಕನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿದ.

"ಬತ್ತದೆ ಕಣಯ್ಯಾ," ಎಂದ. "ನಾಳಿದ್ದು ಬತ್ತದೆ."

ಆ ಮಂಗಳವಾರ ಬೆಳಗ್ಗೆ ನಾನು ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಿದ್ದೆ. ಹತ್ತನೆಯ ತರಗತಿಯ ಸಾಲಿನಲ್ಲಿ ಹುಣಸೆಹುಂಡಿಯ ಹುಡುಗಿಯರ ಜಾಗ ಇನ್ನೂ ಖಾಲಿಯಿತ್ತು. ಪುಟ್ಟಮಾದಯ್ಯ ಸುಮ್ಮಸುಮ್ಮನೆ ಹಾರ್ನು ಮಾಡುವವನಲ್ಲ. ಶಾಲೆಯ ಬಳಿಯಂತೂ ಎಂದೂ ಮಾಡಿದವನಲ್ಲ. ಆ ದಿನ ಮಾರುಕಟ್ಟೆ ದಾಟಿದಾಗಿನಿಂದ ನಮ್ಮ ಗೇಟಿನವರೆಗೆ ಒತ್ತಿದ ಹಾರ್ನಿನಿಂದ ಕೈ ತೆಗೆಯಲಿಲ್ಲ. ಮಕ್ಕಳ ಸಾಲುಗಳು ಚದುರಿ ಗೇಟಿಗೆ ಓಡಿದವು. ತಡೆಯಬೇಕೆಂದು ನನಗೂ ಅನ್ನಿಸಲಿಲ್ಲ. ಬಸ್ಸಿನಿಂದ ಮೊದಲು ಇಳಿದವಳು ಬಿಂದುಶ್ರೀ. ಅವಳ ಹಿಂದೆ ಅವಳ ಗೆಳತಿಯರೆಲ್ಲ, ಎಣ್ಣೆ ಹಚ್ಚಿ ಬಾಚಿದ ಜಡೆಗಳಲ್ಲಿ ಅಲ್ಲಲ್ಲಿ ಹುರುಳಿಯ ಹೊಟ್ಟು. ಹೊರಡುವ ಮುನ್ನ ಕಣಕ್ಕೆ ಹೋಗಿ ಅಮ್ಮಂದಿರಿಗೆ ಹೇಳಿ ಬಂದಿದ್ದರೆಂದು ಕಾಣುತ್ತದೆ. ಕಿಟಕಿಯಲ್ಲಿ ಪುಟ್ಟಮಾದಯ್ಯ ನನಗೆ ಕೈ ಮುಗಿದ. ಅಂಗೈಯಲ್ಲಿ ಸುಟ್ಟ ಕಲೆ ಇನ್ನೂ ಕೆಂಪಾಗಿತ್ತು. ಅಂದು ಪ್ರಾರ್ಥನೆ ತಡವಾಗಿ ನಡೆಯಿತು, ಬಹಳ ಗಟ್ಟಿಯಾಗಿ ನಡೆಯಿತು.

ಬಿಂದುಶ್ರೀ ಆ ಬೇಸಿಗೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಅವಳ ಜೊತೆಯ ಹುಡುಗಿಯರೂ ಒಬ್ಬರನ್ನೂ ಬಿಡದೆ ತೇರ್ಗಡೆಯಾದರು. ಅವಳು ಗುಂಡ್ಲುಪೇಟೆಯ ಕಾಲೇಜಿಗೆ ಹೋಗತೊಡಗಿದ್ದೂ ಅದೇ ಬಸ್ಸು ಹಿಂತಿರುಗಿ ಬರುವಾಗ ಅದರಲ್ಲಿಯೇ. ಎರಡು ಮೂರು ವರ್ಷಗಳ ಮೇಲೆ ಮಾರುಕಟ್ಟೆಗೆ ಲಾರಿ ನಿಲ್ಲುವ ಅಂಗಳವನ್ನೇ ಪ್ರತ್ಯೇಕವಾಗಿ ಮಾಡಿದರು. ಆದರೂ ಹುರುಳಿಯ ಕಾಲದಲ್ಲಿ ಕೆಲವು ಹಳೆಯ ಚಾಲಕರು ಹುಣಸೆಹುಂಡಿಯ ಹೊಲಕ್ಕೇ ಬರುತ್ತಿದ್ದರು, ಬೇವಿನ ನೆರಳಿಗಾಗಿ ಎಂದು ಹೇಳಿಕೊಂಡು. ಕರಿಬಸಮ್ಮನ ಮನೆಯ ಹುರುಳಿ ಸಾರು ಮತ್ತು ಮುದ್ದೆಯೂ ಆ ನೆರಳಿನ ಒಂದು ಭಾಗ ಎಂಬುದು ಎಲ್ಲರಿಗೂ ತಿಳಿದಿತ್ತು. ಕಣದ ಮೊದಲನೆಯ ಹಾಸು ಮಾತ್ರ ಕರಾರಿನಂತೆ ಯಾವಾಗಲೂ ಚಿಕ್ಕಮಲ್ಲಪ್ಪನದು.

ಆತ ಮುದುಕನಾದ ಮೇಲೆ ಚಾಮರಾಜನಗರದ ಆಸ್ಪತ್ರೆಗೆ ಹೋಗುವಾಗ ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಜೊತೆಯಲ್ಲಿ ಕರಿ­ಬಸಮ್ಮ ಇದ್ದಳು. ಭಾವನ ಔಷಧದ ಚೀಲ ಆಕೆಯ ಮಡಿಲಲ್ಲಿತ್ತು. ಸೇತುವೆ ಬಂದಿತು. ಬಸ್ಸು ಏರಿನಲ್ಲಿ ನಿಧಾನವಾಗಿ ತಿರುವು ತೆಗೆದುಕೊಳ್ಳುತ್ತಿರುವಾಗ ಚಿಕ್ಕಮಲ್ಲಪ್ಪ ಪಕ್ಕದಲ್ಲಿದ್ದ ಅಪರಿಚಿತನ ಮೊಣಕೈ ತಿವಿದು ಕಿಟಕಿಯ ಹೊರಗೆ ತೋರಿಸಿದ.

"ನೋಡ್ಲಾ, ಈಗ ಬಸ್ಸು ಓಯ್ತಾ ಇರೋದು ನನ್ನ ಪಾಲಿನ ಮ್ಯಾಲೆ."

ಅಪರಿಚಿತ ಏನೂ ತಿಳಿಯದೆ ಕರಿಬಸಮ್ಮನ ಮುಖ ನೋಡಿದ.

"ಊ ಕಣಪ್ಪ, ಅವ್ರದೇ," ಎಂದಳು ಆಕೆ. "ಉಣಸೆಮರದಗಂಟ."